ಕೂಡ್ಲಿಯಿಂದ ಹಸೆಗೋಡೆಯವರೆಗೆ

ತುಳಸಿ ಮದುವೆ ಮುಗಿಯಿತೆಂದರೆ ನಮ್ಮ ಕಡೆ ಮದುವೆಗಳು ಶುರು. ಅಲ್ಲಿಂದ ಧನುರ್ಮಾಸ ಹಿಡಿಯುವ ತನಕ, ಅಂದರೆ ಡಿಸೆಂಬರ್ ಅರ್ಧದ ತನಕ, ಕಲ್ಯಾಣ ಮಂಟಪಗಳು ಖಾಲಿ ಸಿಗುವುದಿಲ್ಲ. ನಿಶ್ಚಿತಾರ್ಥ ಆದ ಜೋಡಿಗಳ ಚಿತ್ರ ತೆಗೆಯುವವರಿಗೆ ಅದಕ್ಕೂ ಸ್ವಲ್ಪ ಮುಂಚಿನ ದಿನಗಳೇ ಸುಗ್ಗಿ. ಮಳೆ ಬಿಟ್ಟಿರುತ್ತದೆ, ಆದರೆ ಹಸಿರು ಇನ್ನೂ ಒಣಗಿರುವುದಿಲ್ಲ. ಗದ್ದೆಯಲ್ಲಿ ಭತ್ತ ಹಳದಿಗೆ ತಿರುಗಿರುತ್ತದೆ. ಬಿಸಿಲು ಓರೆಯಾಗಿ ಬೀಳುತ್ತದೆ, ಮುಖದ ಮೇಲೆ ಗಟ್ಟಿ ನೆರಳು ಮಾಡುವುದಿಲ್ಲ. ನವೆಂಬರಿನ ಆ ಬೆಳಕಿಗೆ ನಾನು ವರ್ಷವಿಡೀ ಕಾಯುತ್ತೇನೆ.

ಈ ಸಲ ಕೂಡ್ಲಿ, ಕುಪ್ಪಳಿ, ಸಾಗರದ ಕೆಲಸಗಳು ಒಂದೇ ವಾರದಲ್ಲಿ ಬಂದವು. ಶಿವಮೊಗ್ಗಕ್ಕೆ ಹೋಗಿ ಬಂದು ಮಾಡುವ ಬದಲು ಒಂದೇ ಸುತ್ತು ಹೊಡೆದುಬಿಡೋಣ ಅಂತ ತಮ್ಮನನ್ನು ಹೊರಡಿಸಿದೆ. ಓಮ್ನಿ ಓಡಿಸುವವನೂ ಅವನೇ, ಥರ್ಮಾಕೋಲ್ ಶೀಟ್ ಹಿಡಿದು ಬೆಳಕು ತಿರುಗಿಸುವವನೂ ಅವನೇ.

ಕೆಲಸ ಒಪ್ಪಿಕೊಳ್ಳುವಾಗ ನಾನು ಒಂದು ಪ್ರಶ್ನೆ ಕೇಳುತ್ತೇನೆ: "ನಿಮಗೆ ಚೆನ್ನಾಗಿ ಗೊತ್ತಿರೋ ಜಾಗ ಯಾವುದು?" ಹೆಚ್ಚಿನವರು ಮೊಬೈಲಿನಲ್ಲಿ ನೋಡಿದ ಜಾಗವನ್ನೇ ಹೇಳುತ್ತಾರೆ. ನಾನು ಮತ್ತೆ ಅದನ್ನೇ ಕೇಳುತ್ತೇನೆ. ಹಿರಿಯರು ನೋಡಿ ಒಪ್ಪಿಸಿದ ಜೋಡಿಗಳು ಎಷ್ಟೋ ಸಲ ಒಬ್ಬರಿಗೊಬ್ಬರು ಹೊಸಬರು. ಸುತ್ತಲ ಜಾಗವೂ ಹೊಸದಾದರೆ ಅವರಿಗೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ಗೊತ್ತಿರುವ ಜಾಗದಲ್ಲಾದರೆ ಒಬ್ಬರು ತೋರಿಸುತ್ತಾರೆ, ಇನ್ನೊಬ್ಬರು ನೋಡುತ್ತಾರೆ. ನನ್ನ ಕೆಲಸ ಅಲ್ಲಿಂದ ಶುರುವಾಗುತ್ತದೆ.

ಮೊದಲ ದಿನ: ಕೂಡ್ಲಿ

ಶಿವಮೊಗ್ಗದಿಂದ ಹದಿನೈದು ಕಿಲೋಮೀಟರ್ ಆಚೀಚೆ. ಸೂರ್ಯ ಹುಟ್ಟುವ ಮುಂಚೆ ಹೊಳೆ ದಂಡೆಯಲ್ಲಿದ್ದೆವು. ಹುಡುಗ ಶಿವಮೊಗ್ಗದವನು, ಹುಡುಗಿ ಭದ್ರಾವತಿಯವಳು. ಅವನ ಊರಿನ ತುಂಗೆ, ಅವಳ ಊರಿನ ಭದ್ರೆ, ಎರಡೂ ಕೂಡುವ ಜಾಗದಲ್ಲೇ ಚಿತ್ರ ಆಗಬೇಕು ಅಂತ ಹುಡುಗಿಯ ಅಪ್ಪ ಹಟ ಹಿಡಿದಿದ್ದರು. ಅವರೂ ಬಂದಿದ್ದರು. ಚಿಕ್ಕಮ್ಮ ಬಂದಿದ್ದರು, ಹುಡುಗನ ಅಕ್ಕ ಬಂದಿದ್ದಳು. ಎಲ್ಲರ ಕಣ್ಣೂ ಆ ಇಬ್ಬರ ಮೇಲೆ.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದ್ದು ಹೆಣ್ಣು ನೋಡಲು ಬಂದ ದಿನ, ಆಮೇಲೆ ನಿಶ್ಚಿತಾರ್ಥದ ದಿನ. ಮಿಕ್ಕಿದ್ದೆಲ್ಲ ಫೋನಿನಲ್ಲಿ. ಫೋನಿನಲ್ಲಿ ರಾತ್ರಿಯಿಡೀ ಮಾತಾಡುವವರು ಎದುರಿಗೆ ನಿಂತಾಗ ಮಾತೇ ಹೊರಡುವುದಿಲ್ಲ. ಹುಡುಗಿ ಮೆಲ್ಲಗೆ ಕೇಳಿದಳು: "ಅಕ್ಕಾ, ಕೈ ಎಲ್ಲಿಡಬೇಕು?"

ಈ ಪ್ರಶ್ನೆ ಕೇಳದ ಹುಡುಗಿಯೇ ಇಲ್ಲ. ಕೈಗೆ ಕೆಲಸ ಇಲ್ಲದಾಗ ಇಡೀ ಮೈ ಬಿಗಿಯಾಗುತ್ತದೆ. ಭುಜ ಮೇಲೇರುತ್ತದೆ, ಕತ್ತು ಕುಗ್ಗುತ್ತದೆ, ನಗು ತುಟಿಯಲ್ಲೇ ನಿಲ್ಲುತ್ತದೆ. ಹಾಗಾಗಿ ನಾನು ಭಂಗಿ ಹೇಳಿಕೊಡುವುದಿಲ್ಲ, ಕೆಲಸ ಕೊಡುತ್ತೇನೆ. ದೊಡ್ಡವರನ್ನೆಲ್ಲ ರಾಮೇಶ್ವರ ದೇವಸ್ಥಾನ ನೋಡಿ ಬನ್ನಿ ಅಂತ ಕಳಿಸಿದೆ. ಹೊಯ್ಸಳರ ಕಾಲದ ಗುಡಿ, ಅರ್ಧ ಗಂಟೆಯಾದರೂ ಹಿಡಿಯುತ್ತದೆ. ಇವರಿಬ್ಬರಿಗೆ ಚಪ್ಪಲಿ ಬಿಚ್ಚಿ ನೀರಿಗೆ ಕಾಲಿಡಿ, ನನ್ನ ಕಡೆ ನೋಡಬೇಡಿ ಅಂದೆ. 85 ಎಂಎಂ ಲೆನ್ಸ್ ಹಾಕಿಕೊಂಡು ದೂರ ಸರಿದೆ. ಆ ಲೆನ್ಸಿನ ಉಪಕಾರ ಅದೇ, ಹತ್ತು ಹೆಜ್ಜೆ ದೂರದಲ್ಲಿ ನಿಂತರೂ ಮುಖ ಹತ್ತಿರ ಬರುತ್ತದೆ. ಅವರಿಗೆ ನಾನಿರುವುದು ನಿಧಾನಕ್ಕೆ ಮರೆತುಹೋಗುತ್ತದೆ.

ಮಾತು ಶುರುವಾಗಿದ್ದು ನೀರಿನ ಮೇಲೆ. ತುಂಗಾ ಪಾನ, ಗಂಗಾ ಸ್ನಾನ ಅಂತ ಗಾದೆಯೇ ಇದೆ, ನಮ್ಮ ನೀರೇ ಸಿಹಿ ಅಂತ ಅವನು. ಅವಳು ಶಾಲೆಯಲ್ಲಿ ಪಾಠ ಮಾಡುವವಳು, ಬಿಡ್ತಾಳಾ? "ಎರಡೂ ಹುಟ್ಟೋದು ಗಂಗಾಮೂಲದಲ್ಲೇ ರೀ. ಒಂದೇ ಬೆಟ್ಟದ ನೀರು. ನಿಮ್ಮದು ಹೇಗೆ ಜಾಸ್ತಿ ಸಿಹಿಯಾಗುತ್ತೆ?" ಅವನು ಬಗ್ಗಿ ಬೊಗಸೆಯಲ್ಲಿ ನೀರೆತ್ತಿ, ನೋಡಿ ಬೇಕಾದ್ರೆ ಅಂತ ಅವಳ ಮುಂದೆ ಹಿಡಿದ. ಅವಳು ಅವನ ಬೊಗಸೆಯ ಕೆಳಗೆ ತನ್ನ ಬೊಗಸೆ ಒಡ್ಡಿದಳು, ಸೋರುವ ನೀರಿಗೆ. ಬಿಸಿಲು ಆಗ ತಾನೇ ಹೊಳೆಗೆ ಬಿದ್ದಿತ್ತು. ನೀರಿನಿಂದ ಮೇಲೆ ಚಿಮ್ಮುವ ಬೆಳಕು ಕಣ್ಣಿನ ಕೆಳಗಿನ ನೆರಳನ್ನೆಲ್ಲ ತೆಗೆದುಬಿಡುತ್ತದೆ. ತಮ್ಮ ಥರ್ಮಾಕೋಲ್ ಎತ್ತಲೂ ಇಲ್ಲ.

ಗುಡಿಯಿಂದ ಬಂದ ಅಪ್ಪ ಕ್ಯಾಮೆರಾದ ಹಿಂಬದಿಯಲ್ಲಿ ಆ ಚಿತ್ರ ನೋಡಿದರು. ಏನೂ ಹೇಳದೆ ಚಿಕ್ಕಮ್ಮನನ್ನೂ ಕರೆದು ತೋರಿಸಿದರು.

ಎರಡನೇ ದಿನ: ಕುಪ್ಪಳಿ

ತೀರ್ಥಹಳ್ಳಿ ರಸ್ತೆ ನನಗೆ ಬೇಸರವೇ ಬಾರದ ರಸ್ತೆ. ಗಾಜನೂರು ದಾಟಿದರೆ ಬಲಕ್ಕೋ ಎಡಕ್ಕೋ ಮರ, ಸಂದಿಯಲ್ಲಿ ತುಂಗೆ. ಸಕ್ರೆಬೈಲಿನಲ್ಲಿ ಆನೆಗಳು ಹೊಳೆಯಲ್ಲಿ ಮಲಗಿ ಮಾವುತರ ಕೈಯಲ್ಲಿ ಮೈ ತಿಕ್ಕಿಸಿಕೊಳ್ಳುತ್ತಿದ್ದವು. ತಮ್ಮ ನಿಲ್ಲಿಸೋಣ ಅಂದ, ನಾನು ಬೇಡ ಅಂದೆ. ತೀರ್ಥಹಳ್ಳಿಯಲ್ಲಿ ಬಿಸಿ ಕಡುಬು, ಚಟ್ನಿ. ಅಲ್ಲಿಂದ ಕೊಪ್ಪದ ಕಡೆ ಅರ್ಧ ಗಂಟೆ ಹೋದರೆ ಕುಪ್ಪಳಿ.

ಈ ಜೋಡಿ ಒಬ್ಬರನ್ನೊಬ್ಬರು ಮೆಚ್ಚಿಕೊಂಡವರು. ಬೇರೆ ಬೇರೆ ಜಾತಿ. ಎರಡೂ ಮನೆಯವರು ಒಪ್ಪಲು ಬಹಳ ಕಾಲ ಹಿಡಿಯಿತಂತೆ. ಮಂತ್ರ ಮಾಂಗಲ್ಯ ಮಾಡಿಕೊಳ್ಳುವವರು. ಕುವೆಂಪು ರೂಪಿಸಿದ ಈ ಸರಳ ಮದುವೆಯಲ್ಲಿ ಪುರೋಹಿತರಿಲ್ಲ, ವರದಕ್ಷಿಣೆ ಇಲ್ಲ, ಮುಹೂರ್ತದ ಕಟ್ಟಿಲ್ಲ. ಗಂಡು ಹೆಣ್ಣು ತಮಗೆ ಅರ್ಥವಾಗುವ ಕನ್ನಡದಲ್ಲೇ ಪ್ರತಿಜ್ಞೆ ಹೇಳುತ್ತಾರೆ. 1966ರಲ್ಲಿ ಮಗ ತೇಜಸ್ವಿಯವರ ಮದುವೆಯನ್ನು ಕುವೆಂಪು ಹೀಗೇ ಮಾಡಿಸಿದರು. ಅಂದಿನಿಂದ ಮಲೆನಾಡಿನಲ್ಲಿ ಇದನ್ನು ಆರಿಸಿಕೊಳ್ಳುವವರು ಇದ್ದೇ ಇದ್ದಾರೆ. ಇಂಥ ಮದುವೆಗಳ ಚಿತ್ರ ತೆಗೆಯುವುದೆಂದರೆ ನನಗೆ ಬಹಳ ಇಷ್ಟ. ದೀಪಗಳ ಝಗಮಗ ಇಲ್ಲದ ಕಡೆ ಮುಖಗಳು ಚೆನ್ನಾಗಿ ಕಾಣುತ್ತವೆ.

"ಅಕ್ಕಾ, ನಮಗೆ ಆಲ್ಬಂ ಬೇಡ. ಕೆಲವೇ ಚಿತ್ರ ಸಾಕು. ನಾವು ಸುಮ್ನೆ ನಡೀತೀವಿ, ನೀವು ತೆಗೀರಿ" ಅಂದಳು ಹುಡುಗಿ. ಆಯ್ತು ಅಂದೆ. ಕವಿಮನೆಯಿಂದ ಕವಿಶೈಲಕ್ಕೆ ಹತ್ತುವ ಕಾಡುದಾರಿಯಲ್ಲಿ ಇಬ್ಬರೂ ಮುಂದೆ, ನಾನು ಹಿಂದೆ.

ಮಲೆನಾಡಿನ ಕಾಡಿನಲ್ಲಿ ಮುಖ ತೆಗೆಯುವುದು ಸುಲಭ ಅಲ್ಲ. ಎಲೆಗಳಿಂದ ಸೋಸಿ ಬರುವ ಬೆಳಕು ಹಸಿರಾಗಿರುತ್ತದೆ. ಕಣ್ಣಿಗೆ ಅದು ಗೊತ್ತಾಗುವುದಿಲ್ಲ, ಕ್ಯಾಮೆರಾಕ್ಕೆ ಗೊತ್ತಾಗುತ್ತದೆ. ಕೆನ್ನೆ, ಕತ್ತು, ಬಿಳಿ ಅಂಗಿಯ ಕಾಲರು ಎಲ್ಲಕ್ಕೂ ಹಸಿರು ಹೊಡೆಯುತ್ತದೆ. ಆಮೇಲೆ ಕಂಪ್ಯೂಟರಿನಲ್ಲಿ ಸರಿ ಮಾಡೋಣ ಅಂತ ಬಣ್ಣವನ್ನು ಹಸಿರಿನ ಎದುರು ಬಣ್ಣವಾದ ಮೆಜೆಂಟಾ ಕಡೆ ಎಳೆದರೆ ಮುಖ ಸರಿಹೋದರೂ ಹಿಂದಿನ ಕಾಡು ಕೆಟ್ಟುಹೋಗುತ್ತದೆ. ಅದಕ್ಕೆ ಅಲ್ಲೇ ಪರಿಹಾರ ಹುಡುಕಬೇಕು. ಮರಗಳ ನಡುವೆ ಆಕಾಶ ತೆರೆದಿರುವ ಕಡೆ ಅವರು ಬರುವವರೆಗೆ ಕಾಯುವುದು ಒಂದು ದಾರಿ. ಬಿಳಿ ವಸ್ತುವಿನಿಂದ ಬೆಳಕು ಹೊಡೆಸಿ ಹಸಿರನ್ನು ತೊಳೆಯುವುದು ಇನ್ನೊಂದು. ಅವತ್ತು ಹುಡುಗನ ಬಿಳಿ ಪಂಚೆಯೇ ಉಪಯೋಗಕ್ಕೆ ಬಂತು. ದಾರಿಯ ಪಕ್ಕದ ಕಲ್ಲಿನ ಮೇಲೆ ಕೂತು ಅವಳು ಕಾಲಿಗೆ ಹತ್ತಿದ ಉಂಬಳ, ಅಂದರೆ ಕಾಡಿನ ಜಿಗಣೆ, ನೋಡಿಕೊಳ್ಳುತ್ತಿದ್ದಳು, ಅವನು ಎದುರು ಕುಕ್ಕರುಗಾಲಲ್ಲಿ ಕೂತಿದ್ದ. ಮಡಿಲಲ್ಲಿ ಹರಡಿದ ಪಂಚೆಯ ಬೆಳಕು ಇಬ್ಬರ ಮುಖಕ್ಕೂ ಬಿದ್ದಿತ್ತು. ಉಂಬಳ ಕಿತ್ತು ಎಸೆದು ಇಬ್ಬರೂ ನಕ್ಕರು. ನನಗೆ ಬೇಕಾದ್ದು ಸಿಕ್ಕಿತು.

ಕವಿಶೈಲದಲ್ಲಿ ನಾನು ಹೆಚ್ಚು ತೆಗೆಯಲಿಲ್ಲ. ಅದು ಕುವೆಂಪು ಅವರ ಸಮಾಧಿ ಇರುವ ಜಾಗ. ಬಂಡೆಯ ಮೇಲೆ ನಿಲ್ಲಿಸಿದ ದೊಡ್ಡ ಕಲ್ಲುಕಂಬಗಳ ನಡುವೆ ಉದ್ದ ಗೌನು ಹಾರಿಸಿ, ಬಣ್ಣದ ಹೊಗೆ ಬಿಟ್ಟು ಚಿತ್ರ ಮಾಡುವುದು ನನ್ನ ಮನಸ್ಸಿಗೆ ಒಪ್ಪುವುದಿಲ್ಲ. ಯಾರಾದರೂ ಕೇಳಿದರೆ ಆಗುವುದಿಲ್ಲ ಅಂತಲೇ ಹೇಳುತ್ತೇನೆ, ಕೆಲಸ ಹೋದರೂ ಸರಿ. ಈ ಇಬ್ಬರೂ ಪಡುವಣ ಕಡೆಯ ಬೆಟ್ಟದ ಸಾಲು ನೋಡುತ್ತಾ ಬಂಡೆಯ ಮೇಲೆ ಕೂತರು. ಹಿಂದಿನಿಂದ ಒಂದು ತೆಗೆದೆ. ಅಷ್ಟೇ.

ಸಂಜೆ ಆಗುಂಬೆಗೆ ಓಡಿದೆವು. ಸೂರ್ಯಾಸ್ತದ ಕಟ್ಟೆ ಘಾಟಿಯ ತಿರುವಿನಲ್ಲೇ ಇದೆ. ವಾಹನ, ಜನ, ಕೋತಿ. ಮೋಡ ಮುಚ್ಚಿತು. ಚಹಾ ಕುಡಿದು ಇಳಿದೆವು.

ಮೂರನೇ ದಿನ: ನಗರದ ಮೇಲೆ ಸಾಗರಕ್ಕೆ

ಕ್ಯಾಮೆರಾ ಹೊರಗೆ ತೆಗೆಯದ ದಿನ. ಬೆಳಿಗ್ಗೆ ಲಾಡ್ಜಿನಲ್ಲಿ ಕಾರ್ಡುಗಳನ್ನೆಲ್ಲ ಎರಡು ಹಾರ್ಡ್ ಡಿಸ್ಕಿಗೆ ಇಳಿಸಿದೆ. ಒಂದು ನನ್ನ ಚೀಲದಲ್ಲಿ, ಇನ್ನೊಂದು ತಮ್ಮನ ಚೀಲದಲ್ಲಿ. ಮದುವೆಯ ಚಿತ್ರ ಕಳೆದರೆ ಇನ್ನೊಮ್ಮೆ ಹುಟ್ಟುವುದಿಲ್ಲ. ಲೆನ್ಸುಗಳನ್ನು ಒರೆಸಿ ಸಿಲಿಕಾ ಜೆಲ್ ಪೊಟ್ಟಣ ಬದಲಾಯಿಸಿದೆ. ಈ ಕಡೆಯ ತೇವಕ್ಕೆ ಲೆನ್ಸಿನ ಒಳಗೇ ಬೂಷ್ಟು ಹಿಡಿಯುತ್ತದೆ, ಅದನ್ನು ತಡೆಯುವುದು ಎಲ್ಲಕ್ಕಿಂತ ದೊಡ್ಡ ಕೆಲಸ.

ಸುತ್ತಾದರೂ ನಗರದ ಮೇಲೆ ಹೋದೆವು. ಹಿಂದಿನ ಬಿದನೂರು, ಕೆಳದಿ ಅರಸರ ಕೊನೆಯ ರಾಜಧಾನಿ. 1763ರಲ್ಲಿ ಹೈದರಾಲಿಯ ಕೈಸೇರಿತು. ಕೋಟೆಯ ಮೆಟ್ಟಿಲ ಮೇಲೆ ಬೆಳಕು ಎಷ್ಟು ಹೊತ್ತಿಗೆ ಎಲ್ಲಿ ಬೀಳುತ್ತದೆ ಅಂತ ಬರೆದುಕೊಂಡೆ. ಹೊಸನಗರದಲ್ಲಿ ಊಟ, ಅಪ್ಪೆಮಿಡಿ ಉಪ್ಪಿನಕಾಯಿಗೇ ಎರಡು ಸಲ ಅನ್ನ ಹಾಕಿಸಿಕೊಂಡೆವು. ಕತ್ತಲಾಗುವ ಹೊತ್ತಿಗೆ ಸಾಗರ.

ನಾಲ್ಕನೇ ದಿನ: ಇಕ್ಕೇರಿ, ಹಿನ್ನೀರು

ಹುಡುಗಿ ಸಾಗರದ ಹತ್ತಿರದ ಹಳ್ಳಿಯವಳು, ದೀವರ ಮನೆಯವಳು. ಹುಡುಗನದೂ ಅದೇ ಸಮುದಾಯ, ಆದರೆ ಮನೆ ಈಗ ಶಿವಮೊಗ್ಗ ತಾಲ್ಲೂಕಿನಲ್ಲಿ. ಬೆಂಗಳೂರಿನಲ್ಲಿ ಕೆಲಸ. ಮದುವೆಗೆ ಹೆಚ್ಚು ದಿನ ಇರಲಿಲ್ಲ.

ಬೆಳಿಗ್ಗೆ ಇಕ್ಕೇರಿಗೆ ಹೋದೆವು, ಅದು ಹುಡುಗನ ಆಸೆ. ಅಘೋರೇಶ್ವರ ದೇವಸ್ಥಾನ ಪುರಾತತ್ವ ಇಲಾಖೆಗೆ ಸೇರಿದ್ದು. ಟ್ರೈಪಾಡ್, ಲೈಟು ಎಲ್ಲ ಅನುಮತಿ ಇಲ್ಲದೆ ಇಡುವ ಹಾಗಿಲ್ಲ. ಕೈಯಲ್ಲಿ ಹಿಡಿದ ಒಂದು ಕ್ಯಾಮೆರಾ ಸಾಕು ಅಂತ ಒಳಗೆ ಹೋದೆ. ಗುಡಿಯ ನೆಲದ ಮೇಲೆ ಸಾಷ್ಟಾಂಗ ಬಿದ್ದಿರುವ ಕೆಳದಿ ಅರಸರ ಉಬ್ಬುಚಿತ್ರಗಳಿವೆ. ಅವನು ಅದನ್ನೆಲ್ಲ ಓದಿಕೊಂಡು ಬಂದಿದ್ದ, ಹೇಳಿದ. ಅವಳು ಹೂಂಗುಟ್ಟಿದಳು. ಕಲ್ಲು ಚೆಂದ, ಬೆಳಕು ಚೆಂದ, ಅವಳ ರೇಷ್ಮೆ ಸೀರೆ ಇನ್ನೂ ಚೆಂದ. ಆದರೆ ಇಬ್ಬರೂ ಆಧಾರ್ ಕಾರ್ಡಿಗೆ ಕೂತವರಂತೆ ನಿಂತಿದ್ದರು. ಊರಿನವಳಾದರೂ ಅವಳಿಗೆ ಅದು ಹಬ್ಬಕ್ಕೆ ಹೋಗುವ ಗುಡಿ, ಅವನಿಗೆ ಓದಿದ ಗುಡಿ. ಒಬ್ಬರಿಗೊಬ್ಬರು ಹೇಳಿಕೊಳ್ಳುವಂಥದ್ದು ಅಲ್ಲಿ ಏನೂ ಇರಲಿಲ್ಲ. ನಾನು ಬೇಗ ಮುಗಿಸಿದೆ.

ಮಧ್ಯಾಹ್ನ ಹುಡುಗನ ಅಪ್ಪ ಅಮ್ಮ ಅಜ್ಜನನ್ನು ಕರೆದುಕೊಂಡು ಶಿವಮೊಗ್ಗದಿಂದ ಬಂದರು. ಅಜ್ಜನಿಗೆ ಎಂಬತ್ತು ದಾಟಿದೆ. ಬಂದವರೇ ಅವರು ಕೇಳಿದ್ದು ಒಂದೇ: "ಹೊಳೆ ಕಡೆ ಹೋಗಬಹುದಾ?"

ಶರಾವತಿಗೆ ಲಿಂಗನಮಕ್ಕಿಯಲ್ಲಿ ಕಟ್ಟಿದ ಅಣೆಕಟ್ಟು ಪೂರ್ತಿಯಾಗಿದ್ದು 1964ರಲ್ಲಿ. ಆ ನೀರಲ್ಲಿ ಊರಿಗೆ ಊರೇ ಹೋದವು. ಸಾಗರ, ಹೊಸನಗರದ ಎಷ್ಟೋ ಮನೆಗಳವರು ಲಾರಿಯಲ್ಲಿ ಪಾತ್ರೆ ಪಗಡ, ದನ ಕರು ತುಂಬಿಕೊಂಡು ಬೇರೆ ತಾಲ್ಲೂಕುಗಳಿಗೆ ಹೋಗಿ ಹೊಸದಾಗಿ ಕಾಡು ಕಡಿದು ಗದ್ದೆ ಮಾಡಿದರು. ನಾಡಿಗೆ ಕರೆಂಟು ಬಂತು. ಮುಳುಗಡೆಯವರಿಗೆ ಜಮೀನಿನ ಹಕ್ಕಿನ ಗೋಳು ಇವತ್ತಿಗೂ ಮುಗಿದಿಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ ಅಂತ ನನಗೆ ಅನಿಸುತ್ತದೆ. ಈ ಅಜ್ಜ ಅಂಥ ಮನೆಯವರು.

ಅಂಬಾರಗೋಡ್ಲು ಕಡೆ ಹೋದೆವು. ಕಳಸವಳ್ಳಿಗೆ ಹೊಸ ಸೇತುವೆ 2025ರ ಜುಲೈನಲ್ಲಿ ಓಡಾಟಕ್ಕೆ ತೆರೆದಿದೆ, ಎರಡು ಕಿಲೋಮೀಟರಿಗಿಂತ ಉದ್ದ. ಮೊದಲೆಲ್ಲ ದಿಬ್ಬಣದವರೂ ಲಾಂಚಿಗೆ ಕಾಯಬೇಕಿತ್ತು. ತಮ್ಮ ಸೇತುವೆಯ ತಂತಿಗಳನ್ನೇ ನೋಡುತ್ತಾ ನಿಂತ. ಅಜ್ಜ ಅದರ ಕಡೆ ತಿರುಗಲೂ ಇಲ್ಲ. ನೀರಿನ ಅಂಚಿಗೆ ಹೋಗಿ ಕೋಲು ನೆಟ್ಟು ನಿಂತು ಕೈ ಚಾಚಿದರು. ಅಲ್ಲಿ ಮಡೆನೂರು ಅಣೆಕಟ್ಟು ಇತ್ತು, 1940ರ ದಶಕದ್ದು, ಅದೂ ಲಿಂಗನಮಕ್ಕಿಯ ನೀರಲ್ಲಿ ಮುಳುಗಿತು, ಬೇಸಿಗೆಯಲ್ಲಿ ನೀರು ಇಳಿದರೆ ಈಗಲೂ ಏಳುತ್ತದೆ. ಅದರಾಚೆ ನಮ್ಮನೆ ಅಂದರು.

ಹುಡುಗ ಆ ಕತೆಯನ್ನು ಚಿಕ್ಕಂದಿನಿಂದ ಕೇಳಿದವನು. ಹುಡುಗಿ ಕೇಳಿರಲಿಲ್ಲ. ಸೀರೆ ನೆರಿಗೆ ಎತ್ತಿ ಹಿಡಿದು ಅಜ್ಜನ ಪಕ್ಕಕ್ಕೆ ಹೋದಳು.

"ಎಷ್ಟಂಕಣದ ಮನೆ ಅಜ್ಜಾ?"

"ಐದಂಕಣ ಕಣೇ. ಮುಂದೆ ದೊಡ್ಡ ಜಗಲಿ. ನನ್ನ ಮದುವೆ ಆಗಿದ್ದು ಅದೇ ಜಗಲೀಲಿ. ಹಸೆ ಬರೆದಿದ್ರು ಗೋಡೆ ತುಂಬ."

"ಈಗಿನ ಮನೇಲಿ ಬರೆಯಲ್ವಾ?"

"ಬರೆಯೋಳು ಅಜ್ಜಿ. ಅವಳು ಹೋದ ಮೇಲೆ ಯಾರು ಬರೀತಾರೆ? ಸಿಮೆಂಟ್ ಗೋಡೆ ಬೇರೆ."

ಆಗ ಅವನು ಅಜ್ಜನನ್ನು ಬಿಟ್ಟು ಅವಳನ್ನು ನೋಡುತ್ತಿದ್ದ. ಇಕ್ಕೇರಿಯಲ್ಲಿ ಒಮ್ಮೆಯೂ ಹಾಗೆ ನೋಡಿರಲಿಲ್ಲ. ನಾನು ಮೂವರನ್ನೂ ಸೇರಿಸಿ ತೆಗೆದೆ. ಮದುವೆಗೆ ಮುಂಚಿನ ಚಿತ್ರದಲ್ಲಿ ಅಜ್ಜ ಯಾಕೆ ಅಂತ ಕೇಳುವವರಿರಬಹುದು. ಆ ಇಬ್ಬರಿಗೆ ಅವತ್ತು ಜೊತೆ ಕೊಟ್ಟವರು ಅವರೇ.

ಐದನೇ ದಿನ: ಹುಡುಗಿಯ ಮನೆ

ಈ ದಿನ ಪಟ್ಟಿಯಲ್ಲಿ ಜೋಗ ಇತ್ತು. ರಾತ್ರಿ ಹುಡುಗಿಯೇ ಫೋನ್ ಮಾಡಿ, "ಅಕ್ಕಾ, ಜೋಗ ಬೇಡ, ಮನೆಗೆ ಬನ್ನಿ. ನಮ್ಮಜ್ಜಿ ಹಸೆ ಶುರು ಮಾಡ್ತಾರೆ" ಅಂದಳು. 253 ಮೀಟರ್ ಎತ್ತರದಿಂದ ಬೀಳುವ ನೀರು ಎಲ್ಲಿಗೂ ಹೋಗುವುದಿಲ್ಲ, ಹೊರಡು ಅಂದೆ ತಮ್ಮನಿಗೆ.

ಮಣ್ಣಿನ ಗೋಡೆ, ಹೆಂಚಿನ ಮನೆ. ಜಗಲಿಯ ಗೋಡೆಗೆ ಹಿಂದಿನ ದಿನವೇ ಕೆಮ್ಮಣ್ಣು ಸಾರಿಸಿದ್ದರು. ಹಸೆ ಚಿತ್ತಾರ ಅಂದರೆ ದೀವರ ಹೆಂಗಸರು ಮದುವೆ ಮನೆಯ ಗೋಡೆಗೆ ಬರೆಯುವ ಚಿತ್ರ. ಇದರ ಮುಂದೆಯೇ ಗಂಡು ಹೆಣ್ಣನ್ನು ಕೂರಿಸಿ ಶಾಸ್ತ್ರ ಮಾಡುವುದು. ನೆನೆಸಿದ ಅಕ್ಕಿ ಅರೆದು ಬಿಳಿ, ಕೆಮ್ಮಣ್ಣಿನಿಂದ ಕೆಂಪು, ಸುಟ್ಟ ಅಕ್ಕಿಯಿಂದ ಕಪ್ಪು, ಗುರುಗೆ ಕಾಯಿಯಿಂದ ಹಳದಿ. ಅಂಗಡಿಯಿಂದ ತಂದಿದ್ದು ಏನೂ ಇಲ್ಲ. ಕುಂಚವೂ ಪುಂಡಿ ನಾರಿನದು.

ಅಜ್ಜಿ ಮಣೆಯ ಮೇಲೆ ಕೂತು ನಾರಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹದ ಮಾಡಿಕೊಂಡರು. ಬಟ್ಟಲಿನ ಅಕ್ಕಿ ಹಿಟ್ಟಿಗೆ ಅದ್ದಿ ಗೋಡೆಯ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆದರು. ನನಗೆ ಏನೂ ಕಾಣಲಿಲ್ಲ. ಒದ್ದೆ ಮಣ್ಣಿನ ಮೇಲೆ ನೀರಿನ ಪಸೆ, ಅಷ್ಟೇ. ಇನ್ನೊಂದು ಗೆರೆ ಎಳೆದರು, ಅದೂ ಹಾಗೇ. ಮೂರನೆಯದಕ್ಕೆ ಹೋಗುವ ಹೊತ್ತಿಗೆ ಮೊದಲ ಗೆರೆ ಒಣಗಿ ಒಂದು ತುದಿಯಿಂದ ಬೆಳ್ಳಗಾಗುತ್ತಾ ಬಂತು. ಕೈ ಮುಂದೆ ಹೋಗಿರುತ್ತದೆ, ಬಿಳಿ ಹಿಂದಿನಿಂದ ಬರುತ್ತದೆ. ಬರೆಯುವವರು ಕಾಣದ ಗೆರೆಯ ಪಕ್ಕದಲ್ಲೇ ಅಳತೆ ತಪ್ಪದೆ ಮುಂದಿನದನ್ನು ಎಳೆಯಬೇಕು. ಅಜ್ಜಿಯ ಗೆರೆ ಎಲ್ಲೂ ಸೊಟ್ಟ ಹೋಗಲಿಲ್ಲ. ಭತ್ತದ ತೆನೆ ಬಂತು, ದಂಡಿಗೆ ಬಂತು, ಬಾಸಿಂಗ ಕಟ್ಟಿದ ಗಂಡು ಹೆಣ್ಣು ಬಂದರು.

ಜಗಲಿಯಲ್ಲಿ ಬೆಳಕು ಒಂದೇ ಕಡೆಯಿಂದ, ಅಂಗಳದಿಂದ. 35 ಎಂಎಂ ಲೆನ್ಸ್ ಹಾಕಿ, ಕ್ಯಾಮೆರಾ ಬೆಳಕು ಹಿಡಿಯುವ ಮಟ್ಟವಾದ ಐಎಸ್‌ಒವನ್ನು 1600ಕ್ಕೆ ಏರಿಸಿ ಕಂಬಕ್ಕೆ ಒರಗಿ ಕೂತೆ. ಅಂಗಳದಲ್ಲಿ ಒಣಗಲು ಹರವಿದ ಅಡಿಕೆಯ ಮೇಲಿಂದ ಬಂದ ಬೆಳಕು ಗೋಡೆಯ ಕೆಂಪಿಗೆ ತಾಗಿ ಮುಖಗಳಿಗೆ ಬರುತ್ತಿತ್ತು. ಯಾವ ಲೈಟಿನಿಂದಲೂ ಅಂಥ ಬಣ್ಣ ತರಲು ನನಗೆ ಸಾಧ್ಯವಾಗಿಲ್ಲ.

ಹುಡುಗ ಬಂದಾಗ ಅಜ್ಜಿ ಕುಂಚ ಅವನ ಕೈಗೆ ಕೊಟ್ಟರು. "ಎಳೀ ಮಗಾ, ಒಂದು." ಅವನು ಎಳೆದ, ಅರ್ಧಕ್ಕೆ ಕೈ ನಡುಗಿತು. ಹುಡುಗಿ ಪಕ್ಕಕ್ಕೆ ಬಂದು ಮಣಿಕಟ್ಟು ಹಿಡಿದಳು. ಅವಳ ಕೈ ಎಲ್ಲಿಡಬೇಕು ಅಂತ ಯಾರೂ ಹೇಳಲಿಲ್ಲ. ಗೆರೆ ಮುಗಿಸಿ ಇಬ್ಬರೂ ಅಲ್ಲೇ ಕೂತು, ಅದು ಬಿಳಿಯಾಗುವುದನ್ನೇ ನೋಡಿದರು. ಅವನು ಎಳೆದಷ್ಟು ಸ್ವಲ್ಪ ಅಲೆಯಾಗಿತ್ತು, ಅವಳು ಹಿಡಿದ ಕಡೆಯಿಂದ ನೇರ. ಒರೆಸಲಾ ಅಂತ ಹುಡುಗಿಯ ಸೋದರತ್ತೆ ಕೇಳಿದರು. ಇರಲಿ ಬಿಡಿ ಅಂದರು ಅಜ್ಜಿ. ಆ ಹೊತ್ತಿನ ಚಿತ್ರಗಳಲ್ಲಿ ಒಂದನ್ನು ಮಂಟಪದ ಬಾಗಿಲಲ್ಲಿ ನಿಲ್ಲಿಸುವ ಬೋರ್ಡಿಗೆ ಹಾಕಿಸುವುದು ಅಂತ ಅಲ್ಲೇ ತೀರ್ಮಾನವಾಯಿತು.

ಊಟ ಆದ ಮೇಲೆ ಹುಡುಗಿ ಅಜ್ಜಿಯ ಹತ್ತಿರ ಏನೋ ಮಾತಾಡಿದಳು. ಸ್ವಲ್ಪ ಹೊತ್ತಿಗೆ ಒಂದು ಗೋಣಿಚೀಲ ಕೆಮ್ಮಣ್ಣು, ಒಂದು ಕಟ್ಟು ಪುಂಡಿ ನಾರು ಓಮ್ನಿಯ ಹತ್ತಿರ ಬಂದವು. ಶಿವಮೊಗ್ಗದ ಕಡೆಯ ಆ ಮನೆಗೆ, ಅಜ್ಜನ ಜಗಲಿಗೆ. ನಾವು ಹೇಗೂ ಅದೇ ದಾರಿಯಲ್ಲಿ ಹೋಗುವವರು. ಬರೆಯಲು ಹುಡುಗಿಯ ಸೋದರತ್ತೆ ಮುಂದಿನ ವಾರ ಹೋಗುತ್ತಾರೆ. ಅವತ್ತು ನಾನೂ ಬರಬೇಕು ಅಂತ ಹುಡುಗ ಹೇಳಿದ, ಬರುತ್ತೇನೆ ಅಂದೆ.

ತಮ್ಮ ಚೀಲ ಎತ್ತಿ ಥರ್ಮಾಕೋಲಿನ ಪಕ್ಕಕ್ಕೆ ಇಡುತ್ತಾ, "ಅಜ್ಜಿ, ಸಿಮೆಂಟ್ ಗೋಡೆಗೆ ಇದು ಹಿಡಿಯುತ್ತಾ?" ಅಂತ ಕೇಳಿದ.

"ಮೊದಲು ನೀರು ಹೊಡೀಬೇಕು ಮಗಾ. ಆಮೇಲೆ ಎರಡು ಸಲ ಸಾರಿಸಿದ್ರೆ ಹಿಡೀತದೆ" ಅಂದರು ಅಜ್ಜಿ.